ಮಲ್ಟಿಥ್ರೆಡ್ ಪ್ರೋಗ್ರಾಂನಲ್ಲಿ ಡೀಬಗರ್ ಕೈಕೊಟ್ಟಾಗ: ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಒಂದೇ ಥ್ರೆಡ್ (ಪ್ರೋಗ್ರಾಂ ಒಳಗೆ ತನ್ನ ಪಾಡಿಗೆ ಓಡುವ ಒಂದು ಕೆಲಸದ ಸರಣಿ) ಇರುವ ಪ್ರೋಗ್ರಾಂನಲ್ಲಿ ಡೀಬಗರ್ (ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ತೋರಿಸಿದ್ದನ್ನು ಹಾಗೇ ನಂಬಿ ಮುಂದೆ ಹೋಗಬಹುದು. ನೀವು ನಿಲ್ಲಿಸಿದರೆ ಎಲ್ಲವೂ ನಿಂತಿರುತ್ತದೆ. ಒಂದು ಸಾಲು ಮುಂದೆ ಹೋದರೆ ಪ್ರೋಗ್ರಾಂ ಕೂಡ ಒಂದೇ ಸಾಲು ಮುಂದೆ ಹೋಗಿರುತ್ತದೆ. ಥ್ರೆಡ್‌ಗಳು ನಾಲ್ಕಾದ ಕೂಡಲೇ ಈ ಲೆಕ್ಕ ತಪ್ಪುತ್ತದೆ. ಮುಂದಿನ ಸಾಲಿಗೆ ಹೋಗಲು ನೆಕ್ಸ್ಟ್ ಒತ್ತಿದರೆ ಇನ್ಯಾವುದೋ ಫೈಲಿನಲ್ಲಿ ಬಂದು ನಿಲ್ಲುತ್ತೀರಿ. ಈಗಷ್ಟೇ ನೋಡಿದ ವೇರಿಯಬಲ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬದಲಾಗಿರುತ್ತದೆ. ಡೀಬಗರೇ ಕೆಟ್ಟಿದೆ ಅನ್ನಿಸುವುದು ಸಹಜ, ಅಲ್ವಾ?

ಬಹಳ ಸಲ ಕೆಟ್ಟಿರುವುದು ಡೀಬಗರ್ ಅಲ್ಲ. ನಮ್ಮ ಕಣ್ಣು ಒಂದೇ ಥ್ರೆಡ್ ಮೇಲಿರುತ್ತದೆ, ಉಳಿದವು ಓಡುತ್ತಿವೆಯೋ ನಿಂತಿವೆಯೋ ನಾವು ನೋಡಿರುವುದಿಲ್ಲ. ಹಾಗಾಗಿ ಕೆಳಗಿನ ಪ್ರತಿ ಲಕ್ಷಣಕ್ಕೂ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಉಳಿದ ಥ್ರೆಡ್‌ಗಳು ಏನು ಮಾಡುತ್ತಿವೆ?

ಇಲ್ಲಿನ ಉದಾಹರಣೆಗಳು ಲಿನಕ್ಸ್‌ನಲ್ಲಿ ಜಿಡಿಬಿ ಅನ್ನುವ ಡೀಬಗರ್ ಬಳಸುವವರಿಗೆ, ಸಿ ಮತ್ತು ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗಳಿಗೆ. ಕಮಾಂಡ್‌ಗಳನ್ನು ಓದುವ ರೀತಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

## ಶುರು ಮಾಡುವ ಮುಂಚೆ ಎಚ್ಚರ

ಓಡುತ್ತಿರುವ ಪ್ರೋಸೆಸ್‌ಗೆ ಜಿಡಿಬಿ ಅಟ್ಯಾಚ್ ಮಾಡಿದ (ಅಂದರೆ ಜೋಡಿಸಿದ) ಕ್ಷಣವೇ ಅದರ ಎಲ್ಲ ಥ್ರೆಡ್‌ಗಳೂ ನಿಲ್ಲುತ್ತವೆ. ಜನ ಬಳಸುತ್ತಿರುವ ಸರ್ವರ್ ಆದರೆ ಬಂದ ರಿಕ್ವೆಸ್ಟ್‌ಗಳೆಲ್ಲ ಅಲ್ಲೇ ಕಾಯುತ್ತವೆ. ಕನೆಕ್ಷನ್‌ಗಳು ಟೈಮ್‌ಔಟ್ ಆಗುತ್ತವೆ. ಬದುಕಿದ್ದೇನೆ ಅಂತ ಪ್ರೋಸೆಸ್ ಆಗಾಗ ಕಳಿಸುವ ಹಾರ್ಟ್‌ಬೀಟ್ ನಿಂತುಹೋಗುತ್ತದೆ. ಅದನ್ನು ಕಾಯುವ ವಾಚ್‌ಡಾಗ್ ಪ್ರೋಗ್ರಾಂ ಇದ್ದರೆ, ಪ್ರೋಸೆಸ್ ಸತ್ತಿದೆ ಅಂದುಕೊಂಡು ಅದನ್ನು ಕೊಂದು ಹೊಸದನ್ನು ಎಬ್ಬಿಸಿಬಿಡುತ್ತದೆ. ಆಗ ನಿಮ್ಮ ಸಾಕ್ಷಿಯೂ ಹೋಯಿತು, ಸರ್ವಿಸ್ಸೂ ಹೋಯಿತು. ಸಾಧ್ಯವಿದ್ದಷ್ಟು ಟೆಸ್ಟ್ ಮಷೀನ್‌ನಲ್ಲೇ ಈ ಕೆಲಸ ಮಾಡಿ.

ಪ್ರೊಡಕ್ಷನ್‌ನಲ್ಲೇ ನೋಡಲೇಬೇಕಾಗಿ ಬಂದರೆ, ಅಟ್ಯಾಚ್ ಮಾಡಿಕೊಂಡು ಕಮಾಂಡ್ ಯೋಚಿಸುತ್ತಾ ಕೂರಬೇಡಿ. ಜಿಡಿಬಿಗೆ ಬ್ಯಾಚ್ ಆಪ್ಷನ್ ಇದೆ. ಅದರ ಜೊತೆ «ಥ್ರೆಡ್ ಅಪ್ಲೈ ಆಲ್ ಬಿಟಿ» ಕೊಟ್ಟರೆ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಅನ್ನುವ ಸ್ಟ್ಯಾಕ್‌ನ ಪಟ್ಟಿ) ತೆಗೆದು ತಾನೇ ಕಳಚಿಕೊಳ್ಳುತ್ತದೆ. ಕೂತು ಓದುವ ಕೆಲಸ ಆಮೇಲೆ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಅಟ್ಯಾಚ್ ಆಗಿರುವ ಜಿಡಿಬಿ ಉತ್ತರ ಕೊಡುತ್ತಿಲ್ಲ ಅಂತ ಅದನ್ನು ಕಿಲ್ ಮೈನಸ್ 9 ಮಾಡಬೇಡಿ. ಬ್ರೇಕ್‌ಪಾಯಿಂಟ್ ಅಂದರೆ ಪ್ರೋಗ್ರಾಂ ಅನ್ನು ಒಂದು ಜಾಗದಲ್ಲಿ ನಿಲ್ಲಿಸಲು ಅದರ ಮೆಮರಿಯಲ್ಲಿ ಜಿಡಿಬಿ ಬರೆದಿಟ್ಟ ಒಂದು ಟ್ರ್ಯಾಪ್ ಇನ್‌ಸ್ಟ್ರಕ್ಷನ್. ಹಾಗೆ ಕೊಂದರೆ ಅದನ್ನು ತೆಗೆಯುವವರು ಯಾರೂ ಇರುವುದಿಲ್ಲ. ಯಾವುದೋ ಥ್ರೆಡ್ ಆ ಜಾಗಕ್ಕೆ ಬಂದ ಕೂಡಲೇ ಸಿಗ್‌ಟ್ರ್ಯಾಪ್ ಅನ್ನುವ ಸಿಗ್ನಲ್ ಬಂದು ಇಡೀ ಪ್ರೋಸೆಸ್ ಸಾಯುತ್ತದೆ. ಮೊದಲು ಕಂಟ್ರೋಲ್ ಸಿ ಒತ್ತಿ, ಪ್ರಾಂಪ್ಟ್ ಬಂದಮೇಲೆ «ಡಿಟ್ಯಾಚ್» ಕೊಡಿ.

## ಲಕ್ಷಣ: ಅಟ್ಯಾಚ್ ಆಗುವುದೇ ಇಲ್ಲ, «ಆಪರೇಷನ್ ನಾಟ್ ಪರ್ಮಿಟೆಡ್» ಅನ್ನುತ್ತದೆ

ಮೊದಲು ನೋಡಬೇಕಾದ್ದು, ಪ್ರೋಸೆಸ್ ನಿಮ್ಮದೇ ಯೂಸರ್ ಹೆಸರಿನಲ್ಲಿ ಓಡುತ್ತಿದೆಯಾ ಅಂತ. ಹೌದು ಅಂತಾದರೆ, ಬೇರೆ ಯಾರಾದರೂ ಆಗಲೇ ಅಟ್ಯಾಚ್ ಆಗಿದ್ದಾರಾ ನೋಡಿ. ಒಂದು ಥ್ರೆಡ್‌ಗೆ ಒಂದು ಸಲಕ್ಕೆ ಒಬ್ಬನೇ ಟ್ರೇಸರ್ (ಅಟ್ಯಾಚ್ ಆಗಿ ನೋಡುವವನು). ಪ್ರೊಕ್ ಫೋಲ್ಡರ್‌ನಲ್ಲಿ ಆ ಪ್ರೋಸೆಸ್‌ನ ಸ್ಟೇಟಸ್ ಫೈಲ್ ತೆರೆದರೆ «ಟ್ರೇಸರ್ ಪಿಡ್» ಅನ್ನುವ ಸಾಲು ಇರುತ್ತದೆ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಇನ್ನೊಂದು ಡೀಬಗರೋ, ಸಿಸ್ಟಮ್ ಕಾಲ್‌ಗಳನ್ನು ನೋಡುವ ಎಸ್‌ಟ್ರೇಸೋ ಅದನ್ನು ಹಿಡಿದಿದೆ. ಬೇರೆ ಟರ್ಮಿನಲ್‌ನಲ್ಲಿ ಬಿಟ್ಟು ಮರೆತ ಜಿಡಿಬಿಯೂ ಆಗಿರಬಹುದು.

ಎರಡೂ ಅಲ್ಲದಿದ್ದರೆ ಯಾಮಾ ಅನ್ನುವ ಕರ್ನೆಲ್ ಭದ್ರತಾ ಸೆಟ್ಟಿಂಗ್ ತಡೆಯುತ್ತಿರಬಹುದು. ಅದರ «ಪಿಟ್ರೇಸ್ ಸ್ಕೋಪ್» ಬೆಲೆ 0 ಇದ್ದರೆ ನಿಮ್ಮ ಯೂಸರ್‌ನ ಯಾವ ಪ್ರೋಸೆಸ್‌ಗಾದರೂ ಅಟ್ಯಾಚ್ ಆಗಬಹುದು. 1 ಇದ್ದರೆ ಡೀಬಗರ್ ತಾನೇ ಶುರು ಮಾಡಿದ ಪ್ರೋಸೆಸ್‌ಗೆ ಮಾತ್ರ. 2 ಇದ್ದರೆ ಅಡ್ಮಿನ್ ಹಕ್ಕು ಇರುವವರಿಗೆ ಮಾತ್ರ. 3 ಇದ್ದರೆ ಯಾರಿಗೂ ಇಲ್ಲ, ಮಷೀನ್ ರೀಬೂಟ್ ಆಗುವವರೆಗೆ ಅದನ್ನು ಬದಲಾಯಿಸಲೂ ಆಗುವುದಿಲ್ಲ. ಬೆಲೆ 1 ಇದ್ದಾಗ ಅತಿ ಸುಲಭದ ದಾರಿ ಅಂದರೆ ಪ್ರೋಗ್ರಾಂ ಅನ್ನು ಜಿಡಿಬಿ ಒಳಗಿಂದಲೇ ಶುರು ಮಾಡುವುದು. ಕಂಟೇನರ್ ಒಳಗಿದ್ದರೆ ಅದಕ್ಕೆ ಸಿಸ್ ಪಿಟ್ರೇಸ್ ಅನುಮತಿ ಕೊಟ್ಟು ಎಬ್ಬಿಸಬೇಕಾಗಬಹುದು.

ಮಷೀನ್ ನಿಮ್ಮ ಸ್ವಂತದ್ದಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ಅದನ್ನು ನೋಡಿಕೊಳ್ಳುವವರನ್ನು ಕೇಳಿ. ಈ ತಡೆ ಇರುವುದು ಒಂದು ಪ್ರೋಸೆಸ್ ಇನ್ನೊಂದರ ಮೆಮರಿಯಿಂದ ಪಾಸ್‌ವರ್ಡ್ ಕದಿಯದಿರಲಿ ಅಂತ. ಸಡಿಲ ಮಾಡಿದರೂ ಕೆಲಸ ಮುಗಿದ ಕೂಡಲೇ ಹಳೆಯ ಬೆಲೆಗೆ ವಾಪಸ್ ತನ್ನಿ.

## ಲಕ್ಷಣ: ಥ್ರೆಡ್‌ಗಳ ವಿವರ ಸಿಗುತ್ತಿಲ್ಲ, ಸ್ಟ್ಯಾಕ್ ತುಂಬ ಪ್ರಶ್ನಾರ್ಥಕ ಚಿಹ್ನೆ

«ಇನ್ಫೋ ಥ್ರೆಡ್ಸ್» ಕೊಟ್ಟು ನೋಡಿ. ಪ್ರತಿ ಸಾಲಿನಲ್ಲೂ ಜಿಡಿಬಿ ಕೊಟ್ಟ ಥ್ರೆಡ್ ನಂಬರ್ ಇರುತ್ತದೆ, ಎಲ್‌ಡಬ್ಲ್ಯುಪಿ ಅನ್ನುವ ಕರ್ನೆಲ್ ಕೊಟ್ಟ ನಂಬರ್ ಇರುತ್ತದೆ, ಅದು ಈಗ ಯಾವ ಫಂಕ್ಷನ್‌ನಲ್ಲಿದೆ ಅನ್ನುವುದೂ ಇರುತ್ತದೆ. ನಕ್ಷತ್ರ ಗುರುತು ಇರುವುದು ನೀವೀಗ ನೋಡುತ್ತಿರುವ ಥ್ರೆಡ್. ಈ ಎರಡು ನಂಬರ್‌ಗಳು ಬೇರೆ ಬೇರೆ ಅನ್ನುವುದು ನೆನಪಿರಲಿ, ಮುಂದೆ ಎರಡೂ ಬೇಕಾಗುತ್ತವೆ.

ಸ್ಟ್ಯಾಕ್‌ನಲ್ಲಿ ಫಂಕ್ಷನ್ ಹೆಸರಿನ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಸಿಂಬಲ್‌ಗಳು (ವಿಳಾಸಕ್ಕೆ ಹೆಸರು ಹೊಂದಿಸುವ ಮಾಹಿತಿ) ಇಲ್ಲ ಅಂತ ಅರ್ಥ. ನಿಮ್ಮ ಕೋಡ್ ಆದರೆ ಹೈಫನ್ ಜಿ ಆಪ್ಷನ್ ಹಾಕಿ ಮತ್ತೆ ಕಂಪೈಲ್ ಮಾಡಿ. ಸಿಸ್ಟಮ್ ಲೈಬ್ರರಿ ಆದರೆ ಜಿಡಿಬಿ 10ರಿಂದ ಈಚೆಗೆ ಡೀಬಗ್‌ಇನ್ಫೋಡಿ ಅನ್ನುವ ಸರ್ವರ್ ಮೂಲಕ ಸಿಂಬಲ್‌ಗಳನ್ನು ತಾನೇ ಇಳಿಸಿಕೊಳ್ಳಬಲ್ಲದು. ವೇರಿಯಬಲ್ ಜಾಗದಲ್ಲಿ «ಆಪ್ಟಿಮೈಸ್ಡ್ ಔಟ್» ಬಂದರೆ ಕಂಪೈಲರ್ ಅದನ್ನು ತೆಗೆದುಹಾಕಿದೆ. ಆಪ್ಟಿಮೈಸೇಷನ್ ಇಳಿಸಿದರೆ ವೇರಿಯಬಲ್ ಕಾಣುತ್ತದೆ. ಆದರೆ ಕೋಡ್ ಓಡುವ ವೇಗ ಬದಲಾಗಿ, ಥ್ರೆಡ್‌ಗಳ ನಡುವಿನ ದೋಷವೇ ಕಾಣದೆ ಹೋಗಬಹುದು. ಹಾಗಾಗಿ ಮೊದಲು ಆಪ್ಟಿಮೈಸೇಷನ್ ಹಾಗೇ ಇಟ್ಟು ಸಿಂಬಲ್ ಮಾತ್ರ ಸೇರಿಸಿ ನೋಡಿ. ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ ಚೆನ್ನಾಗಿದ್ದು ಒಂದರಲ್ಲಿ ಮಾತ್ರ ಅರ್ಥವಿಲ್ಲದ ವಿಳಾಸಗಳು ಬಂದರೆ, ಆ ಥ್ರೆಡ್‌ನ ಸ್ಟ್ಯಾಕ್ ಮೇಲೆ ಯಾರೋ ಬರೆದು ಹಾಳುಮಾಡಿರಬಹುದು. ಅದಕ್ಕೆ ಮೆಮರಿಯ ತಪ್ಪು ಬಳಕೆ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಸರಿಯಾದ ಸಾಧನ.

ಇನ್ನೊಂದು ತೊಂದರೆ ಶುರುವಿನಲ್ಲೇ ತಾನಾಗಿ ಹೇಳಿಕೊಳ್ಳುತ್ತದೆ. ಎಲ್ಲ ಸರಿ ಇದ್ದರೆ, ಜಿಡಿಬಿಗೆ ಥ್ರೆಡ್ ವಿವರ ಕೊಡುವ ಲಿಬ್‌ಥ್ರೆಡ್‌ಡಿಬಿ ಲೈಬ್ರರಿ ಬಳಸಿ ಥ್ರೆಡ್ ಡೀಬಗಿಂಗ್ ಶುರುವಾಗಿದೆ ಅನ್ನುವ ಸಾಲು ಬರುತ್ತದೆ. ಅದರ ಬದಲು ಹೊಂದುವ ಲಿಬ್‌ಥ್ರೆಡ್‌ಡಿಬಿ ಸಿಗಲಿಲ್ಲ ಅನ್ನುವ ಎಚ್ಚರಿಕೆ ಬಂದರೆ, ಥ್ರೆಡ್‌ಗಳ ಪಟ್ಟಿ ಬಂದರೂ ಥ್ರೆಡ್ ಲೋಕಲ್ ವೇರಿಯಬಲ್‌ಗಳು ಓದಲು ಸಿಗುವುದಿಲ್ಲ. ಇದು ಬೇರೆ ಮಷೀನ್‌ನ ಕೋರ್ ಫೈಲ್ (ಪ್ರೋಗ್ರಾಂ ಬಿದ್ದಾಗ ಉಳಿಯುವ ಅದರ ಮೆಮರಿಯ ನಕಲು) ನೋಡುವಾಗ, ಕಂಟೇನರ್ ಹೊರಗಿನಿಂದ ಅಟ್ಯಾಚ್ ಆದಾಗ ಜಾಸ್ತಿ. ಅಲ್ಲಿನ ಸಿ ಲೈಬ್ರರಿ ಒಂದು, ನಿಮ್ಮ ಜಿಡಿಬಿ ಹುಡುಕುವುದು ಇನ್ನೊಂದು. ಆ ಮಷೀನ್‌ನ ಲೈಬ್ರರಿಗಳನ್ನು ಒಂದು ಫೋಲ್ಡರ್‌ಗೆ ತಂದು «ಸೆಟ್ ಸಿಸ್‌ರೂಟ್» ಮಾಡಿ. ಲೈಬ್ರರಿಯ ಸಿಂಬಲ್‌ಗಳನ್ನು ಪೂರ್ತಿ ಸ್ಟ್ರಿಪ್ ಮಾಡಿದ್ದರೂ (ತೆಗೆದುಹಾಕಿದ್ದರೂ) ಇದೇ ತೊಂದರೆ ಬರುತ್ತದೆ. 2021ರಲ್ಲಿ ಬಂದ ಗ್ಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) 2.34ರಿಂದ ಥ್ರೆಡ್‌ಗಳನ್ನು ನೋಡಿಕೊಳ್ಳುವ ಪಿಥ್ರೆಡ್ ಕೋಡ್ ಮುಖ್ಯ ಸಿ ಲೈಬ್ರರಿಯೊಳಗೇ ಸೇರಿಹೋಗಿದೆ. ಹಾಗಾಗಿ ಸಣ್ಣ ಇಮೇಜ್ ಮಾಡುವ ಆಸೆಗೆ ಸಿ ಲೈಬ್ರರಿಯನ್ನೇ ಸ್ಟ್ರಿಪ್ ಮಾಡಿದವರಿಗೆ ಇದು ಹೊಸದಾಗಿ ಕಾಡುತ್ತದೆ.

ಒಂದು ಒಳ್ಳೆಯ ಅಭ್ಯಾಸ ಹೇಳುತ್ತೇನೆ. ಥ್ರೆಡ್ ಶುರುವಾದ ಕೂಡಲೇ ಪಿಥ್ರೆಡ್ ಸೆಟ್‌ನೇಮ್ ಬಳಸಿ ಅದಕ್ಕೊಂದು ಹೆಸರಿಡಿ. ಲಿನಕ್ಸ್‌ನಲ್ಲಿ 15 ಅಕ್ಷರಕ್ಕೆ ಮಿತಿ ಇದೆ, ಅದಕ್ಕಿಂತ ಉದ್ದದ ಹೆಸರು ಕೊಟ್ಟರೆ ಫಂಕ್ಷನ್ ಎರರ್ ಕೊಡುತ್ತದೆ. ನಲವತ್ತು ಥ್ರೆಡ್‌ಗಳ ಪಟ್ಟಿಯಲ್ಲಿ ಎಲ್ಲಕ್ಕೂ ಪ್ರೋಗ್ರಾಂನ ಹೆಸರೇ ಇರುವುದಕ್ಕೂ, «ಲಾಗ್ ರೈಟರ್», «ಡಿಬಿ ಪೂಲ್» ಅಂತ ಇರುವುದಕ್ಕೂ ಅಜಗಜಾಂತರ.

## ಲಕ್ಷಣ: ನೆಕ್ಸ್ಟ್ ಒತ್ತಿದರೆ ಬೇರೆಲ್ಲಿಗೋ ಹಾರುತ್ತದೆ

ಅತಿ ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ. 120ನೇ ಸಾಲಿನಲ್ಲಿ ನಿಂತಿದ್ದೀರಿ, ನೆಕ್ಸ್ಟ್ ಕೊಡುತ್ತೀರಿ, 121 ಬರಬೇಕು. ಅದರ ಬದಲು «ಸ್ವಿಚಿಂಗ್ ಟು ಥ್ರೆಡ್» ಅನ್ನುವ ಒಂದು ಸಾಲು ಬಂದು, ಪುನಃ 120ರಲ್ಲೇ ನಿಂತಿರುತ್ತದೆ. ನೋಡಿದವರು ಲೂಪ್ ತಿರುಗಿತು ಅಂದುಕೊಳ್ಳುತ್ತಾರೆ. ಲೂಪ್ ತಿರುಗಿಲ್ಲ. ಅದೇ ಬ್ರೇಕ್‌ಪಾಯಿಂಟ್‌ಗೆ ಇನ್ನೊಂದು ಥ್ರೆಡ್ ಬಂದು ಮುಟ್ಟಿದೆ. ನಿಮ್ಮ ಹಳೆಯ ಥ್ರೆಡ್‌ನ ನೆಕ್ಸ್ಟ್ ಅರ್ಧದಲ್ಲೇ ಉಳಿದಿದೆ.

ಜಿಡಿಬಿ ಸಾಮಾನ್ಯವಾಗಿ ಆಲ್ ಸ್ಟಾಪ್ ಮೋಡ್‌ನಲ್ಲಿರುತ್ತದೆ. ಒಂದು ಥ್ರೆಡ್ ನಿಂತರೆ ಎಲ್ಲವೂ ನಿಲ್ಲುತ್ತವೆ. ಇದು ಎಲ್ಲರಿಗೂ ಗೊತ್ತು. ಗೊತ್ತಿರದ ಇನ್ನರ್ಧ ಏನೆಂದರೆ, ನೀವು ಒಂದು ಥ್ರೆಡ್ ಅನ್ನು ಒಂದು ಸಾಲು ಮುಂದೆ ತಳ್ಳಿದರೂ ಉಳಿದವೆಲ್ಲ ಬಿಡುಗಡೆಯಾಗುತ್ತವೆ. ನಿಮ್ಮ ಥ್ರೆಡ್ ಆ ಒಂದು ಸಾಲು ದಾಟುವಷ್ಟರಲ್ಲಿ ಉಳಿದವು ಸಾವಿರಾರು ಸಾಲು ಓಡಿರಬಹುದು. ಮಧ್ಯೆ ಯಾವುದಾದರೂ ಒಂದು ಬ್ರೇಕ್‌ಪಾಯಿಂಟ್ ಮುಟ್ಟಿದರೆ ಜಿಡಿಬಿ ನಿಮ್ಮ ಗಮನವನ್ನು ಅಲ್ಲಿಗೆ ತಿರುಗಿಸುತ್ತದೆ. ವೇರಿಯಬಲ್ ತಾನಾಗಿ ಬದಲಾದಂತೆ ಕಾಣುವುದಕ್ಕೂ ಇದೇ ಕಾರಣ. ಅಂದಹಾಗೆ, ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಅನ್ನು ಒಳಬಿಡುವ ಬೀಗ) ಹಿಡಿದುಕೊಂಡಿರುವಾಗಲೂ ಹಂಚಿಕೊಂಡ ವೇರಿಯಬಲ್ ಒಂದು ಬದಲಾದರೆ ಅದು ಡೀಬಗರ್ ತೊಂದರೆ ಅಲ್ಲ. ಲಾಕ್ ಹಿಡಿಯದೆ ಯಾರೋ ಅದಕ್ಕೆ ಬರೆಯುತ್ತಿದ್ದಾರೆ. ನಿಮಗೆ ಬೇಕಾಗಿದ್ದ ದೋಷವೇ ಅದಾಗಿರಬಹುದು.

ಮೊದಲ ಪರೀಕ್ಷೆಗೆ ಏನೂ ಖರ್ಚಿಲ್ಲ. ಪ್ರತಿ ಸಲ ನಿಂತಾಗಲೂ «ಥ್ರೆಡ್» ಅಂತ ಕೊಡಿ, ಈಗ ಯಾವುದರಲ್ಲಿದ್ದೀರಿ ಹೇಳುತ್ತದೆ. ಬದಲಾಗಿದ್ದರೆ «ಥ್ರೆಡ್ 3» ಅಂತ ಕೊಟ್ಟು ಹಿಂದಿನದಕ್ಕೆ ಮರಳಿ.

ಎರಡನೆಯದು, ಬ್ರೇಕ್‌ಪಾಯಿಂಟ್ ಅನ್ನು ಒಂದೇ ಥ್ರೆಡ್‌ಗೆ ಕಟ್ಟುವುದು. ಬ್ರೇಕ್ ಕಮಾಂಡ್‌ನ ಕೊನೆಗೆ «ಥ್ರೆಡ್ 3» ಸೇರಿಸಿದರೆ ಸಾಕು. ಆದರೆ ಈ ನಂಬರ್ ಜಿಡಿಬಿ ಕೊಟ್ಟದ್ದು. ಥ್ರೆಡ್‌ಗಳು ಹುಟ್ಟುವ ಕ್ರಮ ಬದಲಾದರೆ ಮುಂದಿನ ಸಲ ಓಡಿಸಿದಾಗ 3 ಅನ್ನುವುದು ಬೇರೆ ಥ್ರೆಡ್ ಆಗಿರಬಹುದು. ಹೆಸರಿಟ್ಟಿದ್ದರೆ «ಥ್ರೆಡ್ ಫೈಂಡ್» ಬಳಸಿ ಪ್ರತಿ ಸಲವೂ ಹೊಸ ನಂಬರ್ ಕಂಡುಕೊಳ್ಳಬಹುದು.

ಮೂರನೆಯದು «ಸೆಟ್ ಷೆಡ್ಯೂಲರ್ ಲಾಕಿಂಗ್ ಸ್ಟೆಪ್». ಇದನ್ನು ಹಾಕಿದರೆ ನೀವು ಸ್ಟೆಪ್ ಮಾಡುವಾಗ ಉಳಿದ ಥ್ರೆಡ್‌ಗಳು ಅಲುಗಾಡುವುದಿಲ್ಲ, ಕಂಟಿನ್ಯೂ ಅಥವಾ ಫಿನಿಶ್ ಕೊಟ್ಟಾಗ ಎಲ್ಲವೂ ಓಡುತ್ತವೆ. ದಿನನಿತ್ಯದ ಕೆಲಸಕ್ಕೆ ನನಗೆ ಇದೇ ಸರಿ ಅನ್ನಿಸುತ್ತದೆ. «ಆನ್» ಅನ್ನುವ ಇನ್ನೊಂದು ಬೆಲೆಯೂ ಇದೆ, ಅದು ಕಂಟಿನ್ಯೂ ಕೊಟ್ಟರೂ ಉಳಿದವನ್ನು ಬಿಡುವುದಿಲ್ಲ. ಅದರಿಂದ ಆಗುವ ತೊಂದರೆ ಮುಂದಿನ ಭಾಗದಲ್ಲಿದೆ. ಏನೂ ಹಾಕದಿದ್ದರೆ ಹೊಸ ಜಿಡಿಬಿಯಲ್ಲಿ «ರಿಪ್ಲೇ» ಅನ್ನುವ ಬೆಲೆ ಇರುತ್ತದೆ. ಮಾಮೂಲಿ ಓಟದಲ್ಲಿ ಅದು ಆಫ್ ಇದ್ದ ಹಾಗೆಯೇ.

ಒಂದು ಥ್ರೆಡ್ ಮಾತ್ರ ನಿಲ್ಲಬೇಕು, ಉಳಿದವು ಕೆಲಸ ಮುಂದುವರಿಸಬೇಕು ಅಂತಿದ್ದರೆ ನಾನ್ ಸ್ಟಾಪ್ ಮೋಡ್ ಇದೆ. ಪ್ರೋಗ್ರಾಂ ಶುರು ಮಾಡುವ ಅಥವಾ ಅಟ್ಯಾಚ್ ಆಗುವ ಮುಂಚೆಯೇ ಅದನ್ನು ಆನ್ ಮಾಡಬೇಕು, ನಡುವೆ ಬದಲಾಯಿಸಿದರೆ ಕೆಲಸ ಮಾಡುವುದಿಲ್ಲ. ಹಾರ್ಟ್‌ಬೀಟ್ ಥ್ರೆಡ್ ಸಾಯಬಾರದು ಅನ್ನುವ ಕಡೆ ಇದು ತುಂಬ ಉಪಯೋಗ. ವಿಷುವಲ್ ಸ್ಟುಡಿಯೋ ಬಳಸುವವರಿಗೆ ಥ್ರೆಡ್ಸ್ ವಿಂಡೋದಲ್ಲಿ ಫ್ರೀಜ್ (ನಿಲ್ಲಿಸು), ಥಾ (ಬಿಡು) ಅಂತ ಇದೆ. ಎಲ್‌ಎಲ್‌ಡಿಬಿ ಅನ್ನುವ ಡೀಬಗರ್‌ನಲ್ಲಿ ಸ್ಟೆಪ್ ಕಮಾಂಡ್‌ಗೆ ರನ್ ಮೋಡ್ ಅನ್ನುವ ಆಪ್ಷನ್ ಇದೆ. ಕೆಲಸ ಹೆಚ್ಚುಕಡಿಮೆ ಅದೇ.

## ಲಕ್ಷಣ: ಸ್ಟೆಪ್ ಅಥವಾ ಪ್ರಿಂಟ್ ಕೊಟ್ಟರೆ ಪ್ರಾಂಪ್ಟ್ ವಾಪಸ್ ಬರುವುದಿಲ್ಲ

ಕಂಟ್ರೋಲ್ ಸಿ ಒತ್ತಿ, «ಶೋ ಷೆಡ್ಯೂಲರ್ ಲಾಕಿಂಗ್» ಕೊಡಿ. «ಆನ್» ಅಥವಾ «ಸ್ಟೆಪ್» ಅಂತ ಬಂದರೆ ಕಾರಣ ಬಹುತೇಕ ಸಿಕ್ಕಿತು. ನೀವು ದಾಟಲು ಹೊರಟ ಸಾಲು ಒಂದು ಮ್ಯೂಟೆಕ್ಸ್, ಅಂದರೆ ಲಾಕ್, ಕೇಳುತ್ತಿದೆ. ಅದು ಬೇರೆ ಥ್ರೆಡ್ ಕೈಯಲ್ಲಿದೆ. ಆ ಥ್ರೆಡ್ ಅನ್ನು ನೀವೇ ಕಟ್ಟಿಹಾಕಿದ್ದೀರಿ. ಅದು ಓಡದೆ ಲಾಕ್ ಬಿಡುವುದಿಲ್ಲ, ಲಾಕ್ ಸಿಗದೆ ನೀವು ಮುಂದೆ ಹೋಗುವುದಿಲ್ಲ. ಲಾಕಿಂಗ್ ಆಫ್ ಮಾಡಿ, ಲಾಕ್ ಪಡೆದ ಮುಂದಿನ ಸಾಲಿಗೆ ಈ ಥ್ರೆಡ್‌ಗೆ ಮಾತ್ರ ಬ್ರೇಕ್‌ಪಾಯಿಂಟ್ ಇಟ್ಟು ಕಂಟಿನ್ಯೂ ಕೊಡಿ. ಅಲ್ಲಿ ನಿಂತಮೇಲೆ ಮತ್ತೆ ಲಾಕಿಂಗ್ ಹಾಕಿಕೊಳ್ಳಿ.

ಪ್ರಿಂಟ್ ಕೊಟ್ಟಾಗ ನಿಂತರೆ, ಪ್ರಿಂಟ್‌ನಲ್ಲಿ ಯಾವುದಾದರೂ ಫಂಕ್ಷನ್ ಕರೆದಿದ್ದೀರಾ ನೋಡಿ. ಲಿಸ್ಟ್‌ನ ಸೈಜ್ ಕೇಳುವುದು ಕೂಡ ಒಂದು ಫಂಕ್ಷನ್ ಕರೆಯೇ. ಜಿಡಿಬಿ ಅದನ್ನು ನಿಮ್ಮ ಪ್ರೋಗ್ರಾಂ ಒಳಗೇ ಓಡಿಸುತ್ತದೆ. ಆ ಫಂಕ್ಷನ್ ಮೆಮರಿ ಕೇಳಿ, ಮೆಮರಿ ಅಲೊಕೇಟರ್‌ನ ಲಾಕ್ ನಿಂತಿರುವ ಥ್ರೆಡ್‌ನ ಹತ್ತಿರ ಇದ್ದರೆ ಮುಗಿಯಿತು. ಲಾಕಿಂಗ್ ಹಾಕಿಲ್ಲದಿದ್ದರೆ ಇನ್ನೊಂದು ಅಪಾಯ: ಆ ಕರೆ ಮುಗಿಯುವವರೆಗೆ ಉಳಿದ ಥ್ರೆಡ್‌ಗಳೂ ಓಡುತ್ತವೆ. ಸುಮ್ನೆ ಒಂದು ಬೆಲೆ ನೋಡಲು ಹೋಗಿ ಪ್ರೋಗ್ರಾಂನ ಸ್ಥಿತಿಯನ್ನೇ ಬದಲಾಯಿಸಿರುತ್ತೀರಿ. ಹಾಗಾಗಿ ಫಂಕ್ಷನ್ ಕರೆಯುವ ಬದಲು ಸ್ಟ್ರಕ್ಟ್‌ನ ಫೀಲ್ಡ್ ಅನ್ನು ನೇರವಾಗಿ ಓದಿ. ಎಡಿಟರ್‌ನ ವಾಚ್ ವಿಂಡೋದಲ್ಲಿ ಬರೆದಿಟ್ಟ ಎಕ್ಸ್‌ಪ್ರೆಷನ್‌ಗಳೂ ಪ್ರತಿ ಸಲ ನಿಂತಾಗ ಓಡುತ್ತವೆ, ಅಲ್ಲಿಯೂ ಫಂಕ್ಷನ್ ಕರೆ ಇದ್ದರೆ ತೆಗೆದುಹಾಕಿ.

## ಲಕ್ಷಣ: ಪ್ರೋಗ್ರಾಂ ಹ್ಯಾಂಗ್ ಆಗಿದೆ

ಡೀಬಗರ್ ತೆರೆಯುವ ಮುಂಚೆ «ಟಾಪ್» ಅನ್ನು ದೊಡ್ಡ ಎಚ್ ಆಪ್ಷನ್ ಹಾಕಿ ಓಡಿಸಿ, ಪ್ರತಿ ಥ್ರೆಡ್‌ನ ಸಿಪಿಯು ಬಳಕೆ ಕಾಣುತ್ತದೆ. ಎಲ್ಲವೂ ಸೊನ್ನೆ ಇದ್ದರೆ ಅವು ಏನಕ್ಕೋ ಕಾಯುತ್ತಿವೆ. ಒಂದು ಥ್ರೆಡ್ ನೂರಕ್ಕೆ ಹತ್ತಿರ ಇದ್ದರೆ ಅದು ಕೊನೆಯಿಲ್ಲದೆ ಸುತ್ತುತ್ತಿರಬಹುದು. ಟಾಪ್ ತೋರಿಸುವ ನಂಬರ್ ಮತ್ತು ಜಿಡಿಬಿಯ ಎಲ್‌ಡಬ್ಲ್ಯುಪಿ ನಂಬರ್ ಒಂದೇ, ಹಾಗಾಗಿ ಆ ಥ್ರೆಡ್ ಅನ್ನು ನೇರವಾಗಿ ಹಿಡಿಯಬಹುದು.

ಆಮೇಲೆ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ಒಂದು ಸಲ ತೆಗೆಯಿರಿ, ಕೆಲವು ಸೆಕೆಂಡ್ ಬಿಟ್ಟು ಇನ್ನೊಂದು ಸಲ ತೆಗೆಯಿರಿ. ಎರಡೂ ಒಂದೇ ಇದ್ದರೆ ಸಿಕ್ಕಿಹಾಕಿಕೊಂಡಿದೆ. ಬೇರೆ ಇದ್ದು, ಯಾವ ಥ್ರೆಡ್ಡೂ ಕೊನೆಯಿಲ್ಲದೆ ಸುತ್ತುತ್ತಿಲ್ಲದಿದ್ದರೆ ಅದು ಹ್ಯಾಂಗ್ ಅಲ್ಲ, ನಿಧಾನ ಆಗಿರಬಹುದು. ಈ ಎರಡಕ್ಕೂ ಔಷಧ ಬೇರೆ.

ಬ್ಯಾಕ್‌ಟ್ರೇಸ್‌ನಲ್ಲಿ ಎಲ್ಲ ಕಾಯುವಿಕೆಯೂ ದೋಷವಲ್ಲ. ಈಪೋಲ್ ವೇಟ್‌ನಲ್ಲಿರುವ ಥ್ರೆಡ್ ನೆಟ್‌ವರ್ಕ್‌ಗೆ ಕಾಯುತ್ತಿದೆ. ಕಂಡಿಷನ್ ವೇಟ್‌ನಲ್ಲಿರುವ ಪೂಲ್ ಥ್ರೆಡ್ ಕೆಲಸಕ್ಕೆ ಕಾಯುತ್ತಿದೆ. ಅನುಮಾನ ಪಡಬೇಕಾದ್ದು «ಎಲ್ಎಲ್ಎಲ್ ಲಾಕ್ ವೇಟ್» ಮೇಲೆ ನಿಂತು ಅದರ ಕೆಳಗೆ ಪಿಥ್ರೆಡ್ ಮ್ಯೂಟೆಕ್ಸ್ ಲಾಕ್ ಇರುವವುಗಳ ಮೇಲೆ. ಅಂಥ ಒಂದು ಥ್ರೆಡ್‌ಗೆ ಹೋಗಿ, «ಅಪ್» ಕೊಟ್ಟು ನಿಮ್ಮ ಕೋಡ್‌ನ ಫ್ರೇಮ್‌ಗೆ ಬನ್ನಿ. ಆ ಮ್ಯೂಟೆಕ್ಸ್‌ನ ಡೇಟಾ ಭಾಗದಲ್ಲಿರುವ ಓನರ್ ಫೀಲ್ಡ್ ಪ್ರಿಂಟ್ ಮಾಡಿ. ಅಲ್ಲಿ ಸಿಗುವುದು ಲಾಕ್ ಹಿಡಿದಿರುವ ಥ್ರೆಡ್‌ನ ಎಲ್‌ಡಬ್ಲ್ಯುಪಿ ನಂಬರ್.

ಒಂದು ಉದಾಹರಣೆ. ಥ್ರೆಡ್ 2ರ ಎಲ್‌ಡಬ್ಲ್ಯುಪಿ 4102. ಅದು ಖಾತೆಗಳ ಲಾಕ್‌ಗೆ ಕಾಯುತ್ತಿದೆ, ಓನರ್ 4103. ಇನ್ಫೋ ಥ್ರೆಡ್ಸ್‌ನಲ್ಲಿ 4103 ಅಂದರೆ ಥ್ರೆಡ್ 3. ಅಲ್ಲಿಗೆ ಹೋದರೆ ಅದೂ ಲಾಕ್ ವೇಟ್‌ನಲ್ಲಿದೆ, ಲಾಗ್‌ನ ಲಾಕ್‌ಗೆ. ಅದರ ಓನರ್ 4102. ಸುತ್ತು ಮುಚ್ಚಿತು, ಇದು ಡೆಡ್‌ಲಾಕ್, ಒಂದಕ್ಕೊಂದು ಕಾಯುತ್ತಾ ಎರಡೂ ನಿಂತಿವೆ. ಎರಡೂ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ಕೆಳಗಿನವರೆಗೆ ಓದಿದರೆ ಒಂದು ಖಾತೆಯ ಲಾಕ್ ಹಿಡಿದು ಲಾಗ್‌ನ ಲಾಕ್ ಕೇಳುತ್ತಿರುವುದು, ಇನ್ನೊಂದು ಲಾಗ್‌ನ ಲಾಕ್ ಹಿಡಿದು ಖಾತೆಯ ಲಾಕ್ ಕೇಳುತ್ತಿರುವುದು ಕಾಣುತ್ತದೆ. ಎಲ್ಲ ಕಡೆಯೂ ಲಾಕ್‌ಗಳನ್ನು ಒಂದೇ ಕ್ರಮದಲ್ಲಿ ಹಿಡಿಯುವುದು ಪರಿಹಾರ. ಸಿ ಪ್ಲಸ್ ಪ್ಲಸ್ 17ರ ಸ್ಕೋಪ್ಡ್ ಲಾಕ್‌ಗೆ ಎರಡನ್ನೂ ಒಟ್ಟಿಗೆ ಕೊಟ್ಟರೂ ಸರಿ, ಡೆಡ್‌ಲಾಕ್ ಆಗದಂತೆ ಅದೇ ನೋಡಿಕೊಳ್ಳುತ್ತದೆ.

ಓನರ್ ನಂಬರ್ ಪಟ್ಟಿಯಲ್ಲೇ ಇಲ್ಲದಿದ್ದರೆ, ಆ ಥ್ರೆಡ್ ಲಾಕ್ ಬಿಡದೆ ಮುಗಿದುಹೋಗಿದೆ. ಎರರ್ ಬಂದಾಗ ಮಧ್ಯದಲ್ಲೇ ರಿಟರ್ನ್ ಆಗುವ ದಾರಿಗಳನ್ನು ನೋಡಿ. ಎಲ್ಲ ಥ್ರೆಡ್‌ಗಳೂ ಕಂಡಿಷನ್ ವೇಟ್‌ನಲ್ಲಿದ್ದು, ಕೆಲಸ ಮಾತ್ರ ಕ್ಯೂನಲ್ಲಿ ಬಿದ್ದಿದ್ದರೆ ಎಬ್ಬಿಸುವ ಸಿಗ್ನಲ್ ಕಳೆದುಹೋಗಿದೆ. ಕಾಯಲು ಶುರು ಮಾಡುವ ಮುಂಚೆಯೇ ನೋಟಿಫೈ ಬಂದು ಹೋಗಿರುವುದು ಸಾಮಾನ್ಯ ಕಾರಣ. ಈ ಓನರ್ ಫೀಲ್ಡ್ ಗ್ಲಿಬ್‌ಸಿಯ ಒಳಗಿನ ವಿಷಯ, ಬೇರೆ ಸಿ ಲೈಬ್ರರಿಯಲ್ಲಿ ಇದೇ ಹೆಸರು ಸಿಗುವುದಿಲ್ಲ.

## ಲಕ್ಷಣ: ಬೇಡದ ಸಿಗ್ನಲ್‌ಗೆ ನಿಲ್ಲುತ್ತದೆ, ಸ್ಲೀಪ್ ಬೇಗ ಮುಗಿಯುತ್ತದೆ

ಸಿಗ್‌ಯೂಸರ್ 1 ತರಹದ ಸಿಗ್ನಲ್‌ಗಳನ್ನು ಕೆಲವು ಪ್ರೋಗ್ರಾಂಗಳು ಥ್ರೆಡ್‌ಗಳ ನಡುವೆ ಮಾತಾಡಿಕೊಳ್ಳಲು ಬಳಸುತ್ತವೆ. ಪ್ರತಿ ಸಲ ನಿಲ್ಲುವುದು ಬೇಡವಾದರೆ «ಹ್ಯಾಂಡಲ್» ಕಮಾಂಡ್‌ಗೆ ಸಿಗ್ನಲ್ ಹೆಸರು, ಆಮೇಲೆ «ನೋಸ್ಟಾಪ್ ನೋಪ್ರಿಂಟ್ ಪಾಸ್» ಕೊಡಿ. ಪಾಸ್ ಮುಖ್ಯ, ಅದಿಲ್ಲದಿದ್ದರೆ ಸಿಗ್ನಲ್ ಪ್ರೋಗ್ರಾಂಗೆ ತಲುಪುವುದೇ ಇಲ್ಲ. ಜಾವಾ ವರ್ಚುವಲ್ ಮಷೀನ್ ತನ್ನ ಒಳಗಿನ ಕೆಲಸಕ್ಕೆ ಸಿಗ್‌ಸೆಗ್‌ವಿಯನ್ನೇ ಬಳಸುತ್ತದೆ. ಅದು ಇರುವ ಪ್ರೋಸೆಸ್‌ನಲ್ಲಿ ಮಾತ್ರ ಸಿಗ್‌ಸೆಗ್‌ವಿಗೂ ಹೀಗೆ ಮಾಡಬೇಕಾಗುತ್ತದೆ. ಬೇರೆ ಕಡೆ ಅದನ್ನು ಮುಚ್ಚಿಟ್ಟರೆ ನಿಜವಾದ ಕ್ರ್ಯಾಶ್ ಕಣ್ಣಿಗೆ ಬೀಳದೆ ಹೋಗುತ್ತದೆ.

ಸ್ಲೀಪ್ ಅಥವಾ ಈಪೋಲ್ ವೇಟ್ ಡೀಬಗರ್ ಇದ್ದಾಗ ಮಾತ್ರ ಬೇಗ ವಾಪಸ್ ಬಂದರೆ ಗಾಬರಿ ಬೇಡ. ಒಂದು ಥ್ರೆಡ್ ಬ್ರೇಕ್‌ಪಾಯಿಂಟ್ ಮುಟ್ಟಿದಾಗ ಉಳಿದವನ್ನು ನಿಲ್ಲಿಸಲು ಜಿಡಿಬಿ ಅವುಗಳ ಸಿಸ್ಟಮ್ ಕಾಲ್‌ಗೆ ಅಡ್ಡ ಬರುತ್ತದೆ. ಆಗ ಕೆಲವು ಕಾಲ್‌ಗಳು ಅಡ್ಡಿಯಾಯಿತು ಅನ್ನುವ ಈಇಂಟರ್ ಎರರ್ ಕೊಟ್ಟು ಮರಳುತ್ತವೆ. ಇದರಿಂದ ನಿಮ್ಮ ಪ್ರೋಗ್ರಾಂ ಕೆಟ್ಟರೆ ಕೋಡ್‌ನಲ್ಲೇ ಕೊರತೆ ಇದೆ. ಮರಳಿದ ಬೆಲೆ ನೋಡಿ, ಉಳಿದ ಸಮಯಕ್ಕೆ ಮತ್ತೆ ಕರೆಯುವ ಲೂಪ್ ಬರೆಯಿರಿ.

## ಲಕ್ಷಣ: ಡೀಬಗರ್ ಇದ್ದಾಗ ದೋಷವೇ ಬರುವುದಿಲ್ಲ

ಎರಡು ಥ್ರೆಡ್‌ಗಳು ಒಂದೇ ಕ್ಷಣದಲ್ಲಿ ಒಂದೇ ಜಾಗ ಮುಟ್ಟಿದರೆ ಮಾತ್ರ ಬರುವ ದೋಷ, ಆ ಕ್ಷಣದ ವೇಗ ಬದಲಾದರೆ ಬರುವುದಿಲ್ಲ. ಡೀಬಗರ್ ಮಾಡುವುದೇ ವೇಗ ಬದಲಾಯಿಸುವ ಕೆಲಸ. ಕಂಡಿಷನ್ ಇರುವ ಬ್ರೇಕ್‌ಪಾಯಿಂಟ್ ಇಲ್ಲಿ ದೊಡ್ಡ ತಪ್ಪಿತಸ್ಥ. ಕಂಡಿಷನ್ ಸುಳ್ಳಾದರೆ ನಿಲ್ಲುವುದಿಲ್ಲ ಅಂತ ನಮಗೆ ಕಾಣುತ್ತದೆ. ಒಳಗೆ ಮಾತ್ರ ಪ್ರತಿ ಸಲವೂ ಪ್ರೋಗ್ರಾಂ ನಿಂತು, ಜಿಡಿಬಿ ಕಂಡಿಷನ್ ಪರೀಕ್ಷಿಸಿ ಮತ್ತೆ ಬಿಡುತ್ತದೆ. ಬಿಸಿ ಲೂಪ್‌ನಲ್ಲಿ ಇದು ಭಾರಿ ನಿಧಾನ.

ಮೊದಲು ಎಲ್ಲ ಬ್ರೇಕ್‌ಪಾಯಿಂಟ್ ತೆಗೆದು, ಜಿಡಿಬಿ ಒಳಗೆ ಸುಮ್ನೆ ಓಡಿಸಿ ನೋಡಿ. ಆಗಲೂ ಬರದಿದ್ದರೆ «ಸೆಟ್ ಡಿಸೇಬಲ್ ರ್‍ಯಾಂಡಮೈಸೇಷನ್ ಆಫ್» ಕೊಡಿ. ಜಿಡಿಬಿ ತಾನು ಶುರು ಮಾಡುವ ಪ್ರೋಗ್ರಾಂಗೆ ಮೆಮರಿ ವಿಳಾಸಗಳ ಕಲಸಾಟವನ್ನು ನಿಲ್ಲಿಸಿರುತ್ತದೆ. ಕೆಲವು ದೋಷಗಳು ವಿಳಾಸ ಬದಲಾದರೆ ಮಾತ್ರ ಹೊರಬರುತ್ತವೆ.

ಆಮೇಲೆ ಡೀಬಗರ್ ಬಿಟ್ಟುಬಿಡಿ. «ಯುಲಿಮಿಟ್» ಮೂಲಕ ಕೋರ್ ಫೈಲ್ ಮಿತಿ ತೆಗೆದು, ಬಿದ್ದಾಗ ಸಿಗುವ ಕೋರ್ ಅನ್ನು ಆಮೇಲೆ ತೆರೆಯಿರಿ. ತೆರೆದಾಗ ಮೊದಲು ಕಾಣುವುದು ಬಿದ್ದ ಥ್ರೆಡ್. ಅದೇ ತಪ್ಪಿತಸ್ಥ ಅಂತ ತೀರ್ಮಾನಿಸಬೇಡಿ. ಅದು ಓದುತ್ತಿದ್ದ ಆಬ್ಜೆಕ್ಟ್ ಅನ್ನು ಇನ್ನೊಂದು ಥ್ರೆಡ್ ಫ್ರೀ ಮಾಡಿರಬಹುದು, ಆ ಥ್ರೆಡ್ ಈಗ ಮುಗ್ಧವಾಗಿ ಬೇರೆ ಕೆಲಸದಲ್ಲಿರಬಹುದು.

ಮುಂದಿನ ಹೆಜ್ಜೆ ಥ್ರೆಡ್ ಸ್ಯಾನಿಟೈಸರ್. ನನ್ನನ್ನು ಕೇಳಿದರೆ ರೇಸ್ (ಥ್ರೆಡ್‌ಗಳು ಲಾಕ್ ಇಲ್ಲದೆ ಒಂದೇ ಜಾಗ ಮುಟ್ಟುವ ದೋಷ) ಇರುವ ಅನುಮಾನ ಬಂದ ಕೂಡಲೇ ಬ್ರೇಕ್‌ಪಾಯಿಂಟ್ ಆಟ ನಿಲ್ಲಿಸಿ ಇಲ್ಲಿಗೆ ಬರಬೇಕು. ಜಿಸಿಸಿ, ಕ್ಲಾಂಗ್ ಎರಡರಲ್ಲೂ ಕಂಪೈಲ್ ಆಪ್ಷನ್ ಒಂದನ್ನು ಸೇರಿಸಿದರೆ ಸಾಕು. ಪ್ರೋಗ್ರಾಂ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮರಿ 5ರಿಂದ 10 ಪಟ್ಟು ಜಾಸ್ತಿ ಬೇಕು. ಪ್ರೋಗ್ರಾಂ ಬೀಳದಿದ್ದರೂ, ಯಾವ ಎರಡು ಥ್ರೆಡ್‌ಗಳು ಯಾವ ಎರಡು ಸಾಲುಗಳಲ್ಲಿ ಲಾಕ್ ಇಲ್ಲದೆ ಒಂದೇ ಜಾಗ ಮುಟ್ಟಿದವು ಅನ್ನುವುದನ್ನು ಸ್ಟ್ಯಾಕ್ ಸಮೇತ ಹೇಳುತ್ತದೆ. ಓಡಿದ ಕೋಡ್‌ನಲ್ಲಿ ಮಾತ್ರ ಹುಡುಕುತ್ತದೆ, ಹಾಗಾಗಿ ಟೆಸ್ಟ್ ಆ ದಾರಿಯಲ್ಲಿ ಹೋಗಲೇಬೇಕು. ಅಡ್ರೆಸ್ ಸ್ಯಾನಿಟೈಸರ್ ಜೊತೆ ಒಟ್ಟಿಗೆ ಹಾಕಲು ಆಗುವುದಿಲ್ಲ. ಮತ್ತೆ ಕಂಪೈಲ್ ಮಾಡಲು ಆಗದಿದ್ದರೆ ವ್ಯಾಲ್‌ಗ್ರೈಂಡ್‌ನ ಹೆಲ್‌ಗ್ರೈಂಡ್ ಇದೆ, ಇನ್ನೂ ನಿಧಾನ.

ಕೊನೆಯ ಅಸ್ತ್ರ ಆರ್‌ಆರ್. ಮೊಜಿಲ್ಲಾದಲ್ಲಿ ಹುಟ್ಟಿದ ಈ ಸಾಧನ ಒಂದು ಓಟವನ್ನು ಪೂರ್ತಿ ರೆಕಾರ್ಡ್ ಮಾಡುತ್ತದೆ. ಆಮೇಲೆ ಅದನ್ನೇ ಎಷ್ಟು ಸಲ ಬೇಕಾದರೂ, ಹಿಂದಕ್ಕೂ ಓಡಿಸಿ ನೋಡಬಹುದು. ಒಂದು ಸಲ ದೋಷ ರೆಕಾರ್ಡ್ ಆದರೆ ಅದು ಮತ್ತೆ ತಪ್ಪಿಸಿಕೊಳ್ಳುವುದಿಲ್ಲ. ಥ್ರೆಡ್‌ಗಳನ್ನು ಒಂದೊಂದಾಗಿ ಓಡಿಸುವುದರಿಂದ ಕೆಲವು ರೇಸ್‌ಗಳು ಅಪರೂಪವಾಗುತ್ತವೆ. ಅದಕ್ಕೇ ಕೇಯಾಸ್ ಅನ್ನುವ ಆಪ್ಷನ್ ಇದೆ, ಥ್ರೆಡ್‌ಗಳ ಸರದಿಯನ್ನು ಬೇಕೆಂದೇ ಏರುಪೇರು ಮಾಡುತ್ತದೆ. ಪ್ರೊಸೆಸರ್‌ನ ಪರ್ಫಾರ್ಮೆನ್ಸ್ ಕೌಂಟರ್‌ಗಳು ಬೇಕು, ಹಾಗಾಗಿ ಎಷ್ಟೋ ವರ್ಚುವಲ್ ಮಷೀನ್‌ಗಳಲ್ಲಿ ಓಡುವುದಿಲ್ಲ.

ಒಂದು ಸ್ಲೀಪ್ ಸೇರಿಸಿದ ಕೂಡಲೇ ದೋಷ ಹೋಯಿತು ಅಂತಾದರೆ ದಯವಿಟ್ಟು ಅದನ್ನು ಪರಿಹಾರ ಅಂತ ಕಳಿಸಬೇಡಿ. ಅದು ಇಲ್ಲಿ ರೇಸ್ ಇದೆ ಅನ್ನುವುದಕ್ಕೆ ಗಟ್ಟಿ ಸುಳಿವು, ಅಷ್ಟೇ. ಬೇರೆ ವೇಗದ ಮಷೀನ್‌ನಲ್ಲಿ ದೋಷ ವಾಪಸ್ ಬರುತ್ತದೆ.

## ಲಕ್ಷಣ: ವಾಚ್‌ಪಾಯಿಂಟ್ ಇಟ್ಟರೂ ಬದಲಾಯಿಸಿದವರು ಸಿಗುತ್ತಿಲ್ಲ

ವಾಚ್‌ಪಾಯಿಂಟ್ ಅಂದರೆ ಒಂದು ವೇರಿಯಬಲ್ ಬದಲಾದ ಕೂಡಲೇ ನಿಲ್ಲಿಸುವ ಕಾವಲು. ಅದನ್ನು ವಾಚ್ ಕಮಾಂಡ್‌ನಿಂದ ಇಟ್ಟಾಗ ಬರುವ ಉತ್ತರದಲ್ಲಿ ಹಾರ್ಡ್‌ವೇರ್ ಅನ್ನುವ ಪದ ಇದೆಯಾ ನೋಡಿ. ಇದ್ದರೆ ಎಲ್ಲ ಥ್ರೆಡ್‌ಗಳ ಮೇಲೂ ಕಣ್ಣಿರುತ್ತದೆ. ಇಲ್ಲದಿದ್ದರೆ ಅದು ಸಾಫ್ಟ್‌ವೇರ್ ವಾಚ್, ಒಂದೇ ಥ್ರೆಡ್ ನೋಡುತ್ತದೆ, ಬೇರೆಯವರು ಬರೆದದ್ದು ಅದಕ್ಕೆ ಕಾಣದೆ ಹೋಗಬಹುದು. ಎಕ್ಸ್86 ಪ್ರೊಸೆಸರ್‌ನಲ್ಲಿ ಇದಕ್ಕಿರುವ ರಿಜಿಸ್ಟರ್‌ಗಳು 4 ಮಾತ್ರ. ದೊಡ್ಡ ಸ್ಟ್ರಕ್ಟ್ ಪೂರ್ತಿ ವಾಚ್ ಮಾಡಲು ಹೋಗಬೇಡಿ, ಅನುಮಾನ ಇರುವ ಒಂದು ಫೀಲ್ಡ್ ಸಾಕು. ಲೋಕಲ್ ಪಾಯಿಂಟರ್ ಮೂಲಕ ನೋಡುತ್ತಿದ್ದರೆ ಫಂಕ್ಷನ್ ಮುಗಿದ ಕೂಡಲೇ ವಾಚ್ ಕೂಡ ಅಳಿದುಹೋಗುತ್ತದೆ. «ವಾಚ್ ಹೈಫನ್ ಎಲ್» ಕೊಟ್ಟರೆ ವಿಳಾಸವನ್ನೇ ಹಿಡಿದಿಟ್ಟುಕೊಳ್ಳುತ್ತದೆ.

## ಯಾವಾಗ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಸ್ಯಾನಿಟೈಸರ್ ಏನೂ ಹೇಳುತ್ತಿಲ್ಲ, ಬ್ಯಾಕ್‌ಟ್ರೇಸ್‌ನಲ್ಲಿ ಸಿಕ್ಕಿಬಿದ್ದಿರುವುದು ನೀವು ಬರೆಯದ ಲೈಬ್ರರಿಯ ಲಾಕ್ ಅಂತಾದರೆ ಆ ಲೈಬ್ರರಿ ಬರೆದವರನ್ನು ಕೇಳುವ ಹೊತ್ತು ಬಂತು. ಲಾಕ್ ಇಲ್ಲದೆ ಅಟಾಮಿಕ್‌ಗಳಿಂದಲೇ ಕಟ್ಟಿದ ಕ್ಯೂನಲ್ಲಿ ದೋಷ ಇದ್ದರೂ ಅಷ್ಟೇ. ಅಲ್ಲಿ ಮೆಮರಿ ಆರ್ಡರಿಂಗ್ ಚೆನ್ನಾಗಿ ಬಲ್ಲವರು ಕೋಡ್ ಓದಬೇಕು, ಸ್ಟೆಪ್ ಮಾಡಿ ಕಂಡುಹಿಡಿಯುವುದು ಕಷ್ಟ. ಜಿಡಿಬಿಯೇ ಕ್ರ್ಯಾಶ್ ಆಗುತ್ತಿದ್ದರೆ ಮೊದಲು ಹೊಸ ಆವೃತ್ತಿ ಹಾಕಿ ನೋಡಿ.

ಕೇಳುವಾಗ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ಕೊಡಿ, ಬಿದ್ದ ಥ್ರೆಡ್‌ದು ಮಾತ್ರ ಸಾಲದು. ಇನ್ಫೋ ಥ್ರೆಡ್ಸ್‌ನ ಪಟ್ಟಿ, ಜಿಡಿಬಿ, ಕಂಪೈಲರ್ ಮತ್ತು ಸಿ ಲೈಬ್ರರಿಯ ಆವೃತ್ತಿ, ಕಂಪೈಲ್ ಆಪ್ಷನ್‌ಗಳು, ಡೀಬಗರ್ ಇಲ್ಲದೆಯೂ ದೋಷ ಬರುತ್ತದಾ ಅನ್ನುವುದು ಇಷ್ಟು ಇರಲಿ. ಕೋರ್ ಫೈಲ್ ಅನ್ನು ಮಾತ್ರ ಹಾಗೇ ಹೊರಗಿನವರಿಗೆ ಕಳಿಸಬೇಡಿ. ಬಿದ್ದ ಕ್ಷಣದಲ್ಲಿ ಪ್ರೋಸೆಸ್‌ನ ಮೆಮರಿಯಲ್ಲಿ ಇದ್ದದ್ದೆಲ್ಲ ಅದರಲ್ಲಿರಬಹುದು. ಪಾಸ್‌ವರ್ಡ್, ಟೋಕನ್, ಬಳಕೆದಾರರ ಮಾಹಿತಿ, ಎಲ್ಲವೂ. ನಿಮ್ಮ ಮಷೀನ್‌ನಲ್ಲೇ ತೆರೆದು, ಅವರು ಕೇಳಿದ ಫ್ರೇಮ್ ಮತ್ತು ವೇರಿಯಬಲ್‌ಗಳನ್ನಷ್ಟೇ ಬರೆದು ಕಳಿಸಿ.